ಉಯಿಲು: ರೈತ ಕುಟುಂಬಗಳಲ್ಲಿರುವ ತಪ್ಪು ತಿಳುವಳಿಕೆಗಳು

(ರೈತರ ಸಭೆಯಲ್ಲಿ ಮಾಡಿದ ಭಾಷಣದ ಸಾರಾಂಶ)



ಬೆಳೆಗೆ ರೋಗ ಬಂದರೆ ಒಂದು ಹಂಗಾಮಿನ ಫಸಲು ಹೋಗುತ್ತದೆ. ಜಮೀನಿಗೆ ವ್ಯಾಜ್ಯ ಬಂದರೆ ಎಷ್ಟೋ ಹಂಗಾಮು ಹೊಲ ಬೀಳು ಬೀಳುತ್ತದೆ. ಯಜಮಾನ ತೀರಿಕೊಂಡ ಮೇಲೆ ಮಕ್ಕಳು ಕೋರ್ಟು ಹತ್ತಿದರೆ ಬಾವಿ ತೋಡಿಸಲು, ಸಾಲ ತೆಗೆಯಲು, ತೋಟ ಎಬ್ಬಿಸಲು ಯಾರಿಗೂ ಧೈರ್ಯ ಬರುವುದಿಲ್ಲ. ಇಂಥ ಅನೇಕ ವ್ಯಾಜ್ಯಗಳಿಗೆ ಕಾರಣ ದುರಾಸೆಯೊಂದೇ ಅಲ್ಲ, ತಪ್ಪು ತಿಳುವಳಿಕೆಯೂ ಹೌದು.

ತಾನು ಸತ್ತ ಮೇಲೆ ತನ್ನ ಆಸ್ತಿ ಯಾರಿಗೆ ಸೇರಬೇಕೆಂದು ಬದುಕಿರುವಾಗಲೇ ಬರೆದಿಡುವ ಪತ್ರವೇ ಉಯಿಲು, ಅಂದರೆ ಮರಣಶಾಸನ. 'ತನ್ನ ಆಸ್ತಿ' ಎಂಬ ಮಾತನ್ನು ಗಮನಿಸಬೇಕು. ತನ್ನದಲ್ಲದ್ದನ್ನು ಬರೆದರೆ ಅದು ನಿಲ್ಲುವುದಿಲ್ಲ. ಇಲ್ಲಿ ಹೇಳುವುದು ಮುಖ್ಯವಾಗಿ 1956ರ ಹಿಂದೂ ಉತ್ತರಾಧಿಕಾರ ಕಾಯಿದೆಗೆ ಒಳಪಟ್ಟ ಕುಟುಂಬಗಳ ವಿಷಯ. ಮುಸ್ಲಿಂ ಕಾನೂನಿನಲ್ಲಿ ಸಾಲ ಮತ್ತು ಅಂತ್ಯಕ್ರಿಯೆಯ ಖರ್ಚು ಕಳೆದು ಉಳಿದುದರ ಮೂರನೇ ಒಂದು ಭಾಗಕ್ಕಿಂತ ಹೆಚ್ಚನ್ನು ವಾರಸುದಾರರ ಒಪ್ಪಿಗೆಯಿಲ್ಲದೆ ಉಯಿಲು ಮಾಡಲು ಬರುವುದಿಲ್ಲ.

"ಪಹಣಿಯಲ್ಲಿ ನನ್ನ ಹೆಸರಿದೆ, ಎಲ್ಲವೂ ನನ್ನದೇ"

ಪಹಣಿ, ಖಾತೆ ಇವು ಕಂದಾಯದ ದಾಖಲೆಗಳು. ಹಕ್ಕು ಹುಟ್ಟುವುದು ಕ್ರಯಪತ್ರ, ವಿಭಾಗಪತ್ರ, ವಾರಸುದಾರಿಕೆ ಮುಂತಾದವುಗಳಿಂದ. ಜಂಟಿ ಕುಟುಂಬದ ಯಜಮಾನನ ಹೆಸರಿಗೆ ಖಾತೆ ಇದ್ದ ಮಾತ್ರಕ್ಕೆ ಉಳಿದವರ ಪಾಲು ಹೋಗುವುದಿಲ್ಲ.

ಒಂದು ಲೆಕ್ಕ ನೋಡೋಣ. ಹೆಂಡತಿಯನ್ನು ಕಳೆದುಕೊಂಡ ಒಬ್ಬ ರೈತನಿಗೆ ಇಬ್ಬರು ಗಂಡುಮಕ್ಕಳು, ಒಬ್ಬಳು ಮಗಳು. ವಿಭಾಗವಾಗದ ಪಿತ್ರಾರ್ಜಿತ ಜಮೀನು 8 ಎಕರೆ, ತಾನೇ ದುಡಿದು ಕೊಂಡದ್ದು 2 ಎಕರೆ. ಪಿತ್ರಾರ್ಜಿತದಲ್ಲಿ ತಂದೆ ಮತ್ತು ಮೂವರು ಮಕ್ಕಳಿಗೆ ತಲಾ 2 ಎಕರೆ. ತಂದೆ ಉಯಿಲು ಬರೆಯಬಹುದಾದದ್ದು ತನ್ನ ಪಾಲಿನ 2 ಎಕರೆ, ಕ್ರಯದ 2 ಎಕರೆ, ಒಟ್ಟು 4 ಎಕರೆ ಮಾತ್ರ. ಆತ 10 ಎಕರೆಯನ್ನೂ ಗಂಡುಮಕ್ಕಳಿಗೇ ಬರೆದಿದ್ದರೂ ಮಗಳ 2 ಎಕರೆ ಉಳಿದೇ ಇರುತ್ತದೆ. ಉಯಿಲನ್ನೇ ಬರೆಯದೆ ತೀರಿಕೊಂಡರೆ ಆ 4 ಎಕರೆಯೂ ಮೂವರಿಗೆ ಸಮನಾಗಿ, ತಲಾ 1 ಎಕರೆ 13 ಗುಂಟೆ ಚಿಲ್ಲರೆಯಂತೆ ಹಂಚಿಕೆಯಾಗುತ್ತದೆ. ಹೆಂಡತಿ ಅಥವಾ ತಾಯಿ ಬದುಕಿದ್ದರೆ ತಂದೆ ಬಿಟ್ಟುಹೋದುದರಲ್ಲಿ ಅವರಿಗೂ ಮಕ್ಕಳಷ್ಟೇ ಪಾಲುಂಟು. ಮುದುಕಿ ತಾಯಿಯ ಪಾಲನ್ನು ಮರೆಯುವುದು ಹಳ್ಳಿಗಳಲ್ಲಿ ಸಾಮಾನ್ಯ.

ತಂದೆಯಿಂದ ಬಂದದ್ದೆಲ್ಲ ಪಿತ್ರಾರ್ಜಿತ ಎಂಬುದೂ ಸರಿಯಲ್ಲ. ತಂದೆಯ ಸ್ವಯಾರ್ಜಿತ ಜಮೀನು 1956ರ ಕಾಯಿದೆ ಬಂದ ಮೇಲೆ ವಾರಸುದಾರಿಕೆಯಿಂದ ಮಗನಿಗೆ ಬಂದಿದ್ದರೆ ಅದು ಮಗನ ಸ್ವಂತದ್ದು ಎಂದು ಸುಪ್ರೀಂ ಕೋರ್ಟು 1986ರಲ್ಲಿ ಹೇಳಿದೆ. ಆದ್ದರಿಂದ ಉಯಿಲು ಬರೆಯುವ ಮೊದಲು ಪ್ರತಿ ಸರ್ವೆ ನಂಬರಿನ ಜಮೀನು ಹೇಗೆ ಬಂತೆಂದು ಹಳೆಯ ಪತ್ರಗಳಿಂದ ಖಚಿತಪಡಿಸಿಕೊಳ್ಳಬೇಕು.

"ಮದುವೆ ಮಾಡಿಕೊಟ್ಟ ಮಗಳಿಗೆ ಹಕ್ಕಿಲ್ಲ"

ಈ ಮಾತು ಈಗ ನಡೆಯುವುದಿಲ್ಲ. 2005ರ ಸೆಪ್ಟೆಂಬರ್ 9ರಂದು ಜಾರಿಗೆ ಬಂದ ತಿದ್ದುಪಡಿಯ ಪ್ರಕಾರ ಮಗಳಿಗೂ ಮಗನಂತೆ ಹುಟ್ಟಿನಿಂದಲೇ ಪಿತ್ರಾರ್ಜಿತದಲ್ಲಿ ಹಕ್ಕಿದೆ. ಆ ದಿನ ತಂದೆ ಬದುಕಿರಲೇಬೇಕೆಂದಿಲ್ಲ ಎಂದು 2020ರಲ್ಲಿ ಸುಪ್ರೀಂ ಕೋರ್ಟು ಸ್ಪಷ್ಟಪಡಿಸಿತು. ಆದರೆ 2004ರ ಡಿಸೆಂಬರ್ 20ಕ್ಕೆ ಮೊದಲು ನೋಂದಾಯಿತ ಪತ್ರದಿಂದಲೋ ಕೋರ್ಟಿನ ಡಿಕ್ರಿಯಿಂದಲೋ ಆದ ವಿಭಾಗಕ್ಕೆ ಇದರಿಂದ ಬಾಧೆಯಿಲ್ಲ. ಮದುವೆಗೆ ಮಾಡಿದ ಖರ್ಚು ಪಾಲಿಗೆ ಸಮವಾಗುವುದಿಲ್ಲ.

"ಛಾಪಾ ಕಾಗದದಲ್ಲಿ ಬರೆದು ರಿಜಿಸ್ಟ್ರಿ ಮಾಡಿಸದಿದ್ದರೆ ಉಯಿಲು ನಡೆಯದು"

ಉಯಿಲನ್ನು ಬಿಳಿ ಹಾಳೆಯ ಮೇಲೂ ಬರೆಯಬಹುದು. ಅದಕ್ಕೆ ಮುದ್ರಾಂಕ ಶುಲ್ಕವಿಲ್ಲ. ನೋಂದಣಿ ಕಡ್ಡಾಯವಲ್ಲ. ಕಡ್ಡಾಯವಾದದ್ದು ಸಾಕ್ಷಿ. 1925ರ ಭಾರತೀಯ ಉತ್ತರಾಧಿಕಾರ ಕಾಯಿದೆಯ 63ನೇ ಕಲಮಿನಂತೆ ಬರೆದವರ ಸಹಿ ಅಥವಾ ಹೆಬ್ಬೆಟ್ಟಿನ ಗುರುತು ಇರಬೇಕು. ಸಹಿ ಮಾಡಿದ್ದನ್ನು ಕಂಡ, ಇಲ್ಲವೆ 'ಇದು ನನ್ನ ಸಹಿ' ಎಂದು ಅವರ ಬಾಯಿಂದಲೇ ಕೇಳಿದ ಕನಿಷ್ಠ ಇಬ್ಬರು ಸಾಕ್ಷಿಗಳು ಅವರ ಎದುರಿನಲ್ಲೇ ಸಹಿ ಹಾಕಿರಬೇಕು. ಪತ್ರ ಬರೆದುಕೊಟ್ಟವನ ಬಿಕ್ಕಲಂ ರುಜು ತಾನಾಗಿಯೇ ಸಾಕ್ಷಿಯ ರುಜುವಾಗುವುದಿಲ್ಲ.

ಹಾಗೆಂದು ನೋಂದಣಿ ವ್ಯರ್ಥವಲ್ಲ. ಮೂಲ ಕಳೆದರೂ ಕಚೇರಿಯಲ್ಲಿ ನಕಲು ಸಿಗುತ್ತದೆ. ಆದರೆ ನೋಂದಾಯಿಸಿದ್ದರೂ ವ್ಯಾಜ್ಯ ಬಂದಾಗ ಉಯಿಲನ್ನು ಸಾಬೀತುಪಡಿಸಲೇಬೇಕು. ಬದುಕಿರುವ ಸಾಕ್ಷಿಗಳಲ್ಲಿ ಒಬ್ಬರಾದರೂ ಕೋರ್ಟಿಗೆ ಬಂದು ಹೇಳಬೇಕಾಗುತ್ತದೆ. ಆದ್ದರಿಂದ ಬರೆಯುವವರಿಗಿಂತ ಕಿರಿಯ ವಯಸ್ಸಿನ, ಊರಲ್ಲೇ ನೆಲೆಸಿರುವ, ಉಯಿಲಿನಿಂದ ಲಾಭವಿಲ್ಲದವರನ್ನು ಸಾಕ್ಷಿ ಮಾಡುವುದು ಕ್ಷೇಮ. ಆಸ್ತಿ ಪಡೆಯುವ ಮಗನೇ ಮುಂದೆ ನಿಂತು ಉಯಿಲು ಬರೆಸಿದರೆ ಸಂಶಯಕ್ಕೆ ಎಡೆಯಾಗುತ್ತದೆ. ಆ ಸಂಶಯವನ್ನು ನಿವಾರಿಸುವ ಹೊಣೆ ಉಯಿಲನ್ನು ಹಿಡಿದು ಬಂದವನದೇ ಎಂಬುದನ್ನು, ಮೈಸೂರು ರಾಜ್ಯದಿಂದ ಹೋದ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಬಹಳ ಹಿಂದೆಯೇ ಹೇಳಿದೆ.

"ಉಯಿಲು ಬರೆದರೆ ಜಮೀನು ಕೈಬಿಟ್ಟಂತೆ"

ಕೈಬಿಡುವುದು ದಾನಪತ್ರದಲ್ಲಿ, ಉಯಿಲಿನಲ್ಲಲ್ಲ. ಉಯಿಲು ಬರೆದವರು ಕೊನೆಯವರೆಗೂ ಜಮೀನಿನ ಒಡೆಯರೇ. ಮನಸ್ಸು ಬದಲಾದರೆ ರದ್ದುಮಾಡಿ ಬೇರೆ ಬರೆಯಬಹುದು. ಕ್ರಮವಾಗಿ ಬರೆದ ಕೊನೆಯ ಉಯಿಲೇ ಊರ್ಜಿತ. ಮೊದಲಿನದು ನೋಂದಣಿಯಾಗಿದ್ದರೂ ಅಷ್ಟೇ. ದಾನಪತ್ರ ನೋಂದಣಿಯಾದೊಡನೆ ಹಕ್ಕು ಕೈದಾಟುತ್ತದೆ. 'ಮಗ ನೋಡಿಕೊಳ್ಳುತ್ತಾನೆ' ಎಂಬ ನಂಬಿಕೆಯಿಂದ ದಾನ ಕೊಡುವ ಹಿರಿಯರು, ತಮ್ಮ ಊಟ, ವಸತಿ, ಆರೈಕೆ ಅವನ ಹೊಣೆಯೆಂಬ ಷರತ್ತನ್ನು ಪತ್ರದಲ್ಲೇ ಬರೆಸಬೇಕು. ಮಗ ಷರತ್ತು ಮೀರಿದರೆ 2007ರ ಹಿರಿಯ ನಾಗರಿಕರ ಕಾಯಿದೆಯ 23ನೇ ಕಲಮಿನಡಿ ದಾನವನ್ನು ಅನೂರ್ಜಿತವೆಂದು ಘೋಷಿಸಲು ನ್ಯಾಯಮಂಡಳಿಯನ್ನು ಕೇಳಬಹುದು.

"ನಾಮಿನಿಯೇ ವಾರಸುದಾರ"

ಬ್ಯಾಂಕಿನ ಠೇವಣಿಗೆ ನಾಮಿನಿಯಾದವನು ಹಣವನ್ನು ಪಡೆದುಕೊಳ್ಳುವವನೇ ಹೊರತು ಒಡೆಯನಲ್ಲ. ಉಯಿಲಿದ್ದರೆ ಅದರಂತೆ, ಇಲ್ಲದಿದ್ದರೆ ವಾರಸುದಾರರಿಗೆ ಕಾನೂನಿನಂತೆ ಹಂಚಬೇಕು. ಜೀವವಿಮೆಯಲ್ಲಿ ಮಾತ್ರ 2015ರ ತಿದ್ದುಪಡಿಯ ನಂತರ ನಾಮಿನಿಯಾದ ತಂದೆತಾಯಿ, ಗಂಡಹೆಂಡತಿ, ಮಕ್ಕಳಿಗೆ ಸಾಮಾನ್ಯವಾಗಿ ಹಣವೇ ಸೇರುತ್ತದೆ.

ರೈತರು ಮಾಡಬೇಕಾದದ್ದು

1. ಪಿತ್ರಾರ್ಜಿತ, ಸ್ವಯಾರ್ಜಿತ ಜಮೀನುಗಳನ್ನು ಬೇರೆ ಬೇರೆ ಪಟ್ಟಿ ಮಾಡಬೇಕು. ಸರ್ವೆ ನಂಬರು, ವಿಸ್ತೀರ್ಣ, ಚಕ್ಕುಬಂದಿ ಬರೆಯಬೇಕು.

2. ಬಾವಿ, ಪಂಪುಸೆಟ್ಟು, ಬಂಡಿದಾರಿಯ ಬಳಕೆ ಯಾರಿಗೆ, ಹೇಗೆ ಎಂಬುದನ್ನು ಮರೆಯದೆ ನಮೂದಿಸಬೇಕು. ಜಮೀನು ಹಂಚಿ ನೀರನ್ನು ಮರೆತರೆ ಜಗಳ ತಪ್ಪಿದ್ದಲ್ಲ.

3. ಸಹಕಾರ ಸಂಘದ ಹಾಗೂ ಬ್ಯಾಂಕಿನ ಸಾಲವನ್ನು ಯಾರು ತೀರಿಸಬೇಕೆಂದು ಹೇಳಬೇಕು. ಆಸ್ತಿಯ ಮೇಲಿನ ಸಾಲ ಆಸ್ತಿಯ ಜೊತೆಗೇ ಬರುತ್ತದೆ.

4. ಒಬ್ಬರಿಗೆ ಕಡಿಮೆ ಕೊಟ್ಟಿದ್ದರೆ ಕಾರಣ ಬರೆಯಬೇಕು. ತಾರೀಖು ಹಾಕಿ, ಹಿಂದಿನ ಉಯಿಲುಗಳು ರದ್ದೆಂದು ಸೇರಿಸಬೇಕು.

5. ವಯಸ್ಸಾದವರು ಬುದ್ಧಿ ಸ್ವಸ್ಥವಾಗಿದೆಯೆಂದು ವೈದ್ಯರ ಪತ್ರ ಪಡೆದಿಡುವುದು ಒಳ್ಳೆಯದು.

ವಕೀಲರ ಸಲಹೆ ಪಡೆದೇ ಮುಂದುವರಿಯಬೇಕು. ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಅರ್ಹರಿಗೆ ಉಚಿತ ನೆರವು ಸಿಗುತ್ತದೆ. ಮಹಿಳೆಯರಿಗೂ ಪರಿಶಿಷ್ಟ ಜಾತಿ, ಪಂಗಡದವರಿಗೂ ಆದಾಯದ ಮಿತಿಯಿಲ್ಲ. ಉಯಿಲು ಬರೆದರೆ ಆಯುಸ್ಸು ಕಡಿಮೆಯಾಗುತ್ತದೆಂಬ ಅಳುಕು ಕೆಲವರಲ್ಲಿದೆ. ಮಳೆಗೆ ಮೊದಲೇ ಬದು ಕಟ್ಟುವ ರೈತನಿಗೆ ಇದನ್ನು ಬೇರೆ ಹೇಳಬೇಕಾಗಿಲ್ಲ. ಕೈಕಾಲು ಗಟ್ಟಿಯಿರುವಾಗ, ಮನೆಯವರನ್ನೆಲ್ಲ ಕೂರಿಸಿಕೊಂಡು ಮಾಡಿದ ಏರ್ಪಾಟು ಹೊಲವನ್ನೂ ಉಳಿಸುತ್ತದೆ, ಒಡಹುಟ್ಟಿದವರ ನಂಟನ್ನೂ ಉಳಿಸುತ್ತದೆ.