ಉಳಿದ 364 ದಿನ?



ಜೂನ್ 21 ಬಂತು ಅಂದ್ರೆ ನಮ್ಮ ಕ್ಯಾಮೆರಾಗಳೆಲ್ಲ ಮೈದಾನದ ಕಡೆ ಓಡುತ್ತವೆ. ವೇದಿಕೆ, ಬ್ಯಾನರು, ಸಾಲು ಸಾಲು ಬಿಳಿ ಟೀ ಶರ್ಟು. ಜಮಖಾನ ಮಡಚಿದರೆ ಮುಗೀತು, ಮತ್ತೆ ಮುಂದಿನ ವರ್ಷವೇ. 2014ರ ಡಿಸೆಂಬರ್‌ನಲ್ಲಿ ವಿಶ್ವಸಂಸ್ಥೆ ಈ ದಿನವನ್ನ ಘೋಷಿಸಿದಾಗ 177 ದೇಶಗಳು ಜೊತೆಗೆ ನಿಂತಿದ್ದವು. ಸಂತೋಷ. ಆದರೆ ಉಳಿದ 364 ದಿನ?

ಚಿಕ್ಕಬಳ್ಳಾಪುರ ಕಡೆ ಹೋಗಿ ಯೋಗ ಮಾಡಿ ಅಂದ್ರೆ ಜನರ ಹತ್ತಿರ ಉತ್ತರ ರೆಡಿ ಇರುತ್ತೆ: "ದಿನಾ ಮೈ ಬಗ್ಗಿಸಿ ದುಡಿಯೋರು ನಾವು. ನಮಗ್ಯಾಕ್ರೀ ಯೋಗ?"

ಕೇಳಬೇಕಾದ ಪ್ರಶ್ನೆಯೇ. ಆದರೆ ದುಡಿಮೆ ಮೈಯನ್ನ ಒಂದೇ ಕಡೆಗೆ ಬಗ್ಗಿಸುತ್ತೆ. ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ತೆಗೆಯೋರು ಬಿಸಿನೀರಿನ ಮುಂದೆ ಗಂಟೆಗಟ್ಟಲೆ ತಲೆ ತಗ್ಗಿಸಿರ್ತಾರೆ. ಚಿಂತಾಮಣಿ ಕಡೆ ಟೊಮೆಟೊ ಕೀಳೋ ಹೆಣ್ಣುಮಕ್ಕಳಿಗೆ ಸಂಜೆ ಸೊಂಟ ನೆಟ್ಟಗಾಗಲ್ಲ. ಗೌರಿಬಿದನೂರಿಂದ ಬೆಂಗಳೂರಿಗೆ ದಿನಾ ರೈಲು ಹತ್ತೋರದ್ದು ಕೂತೂ ಕೂತೂ ಜೋಮು ಹಿಡಿದ ಕಾಲು. ಹೀಗೆ ಒಂದು ಕಡೆಗೆ ಬಗ್ಗಿದ್ದನ್ನ ಇನ್ನೊಂದು ಕಡೆಗೆ ಎಳೆದು, ಉಸಿರು ತುಂಬಿಸೋದು ಯೋಗ.

ಇದನ್ನ ಜಗತ್ತಿಗೆ ತೋರಿಸಿಕೊಟ್ಟವರು ಇದೇ ಸೀಮೆಯವರು. ಬಿ.ಕೆ.ಎಸ್. ಅಯ್ಯಂಗಾರ್ ಹುಟ್ಟಿದ್ದು 1918ರಲ್ಲಿ, ಕೋಲಾರ ಜಿಲ್ಲೆಯ ಬೆಳ್ಳೂರಲ್ಲಿ. 2007ರವರೆಗೆ ಚಿಕ್ಕಬಳ್ಳಾಪುರವೂ ಕೋಲಾರಕ್ಕೇ ಸೇರಿತ್ತು. ಮಲೇರಿಯಾ, ಟೈಫಾಯಿಡ್, ಕ್ಷಯ ಎಲ್ಲವನ್ನೂ ಕಂಡ ಬಡಕಲು ಹುಡುಗ. ಮೈಸೂರಿನಲ್ಲಿ ಭಾವ ಟಿ. ಕೃಷ್ಣಮಾಚಾರ್ಯರ ಹತ್ತಿರ ಆಸನ ಕಲಿತರು. 1937ರಲ್ಲಿ ಪುಣೆಗೆ ಹೋದರು, 95 ವರ್ಷ ಬಾಳಿದರು. ಅವರ ದೊಡ್ಡ ಕೊಡುಗೆ ಏನು ಗೊತ್ತಾ? ಮೈ ಬಗ್ಗದವರನ್ನ ಅವರು ವಾಪಸ್ ಕಳಿಸಲಿಲ್ಲ. ಕುರ್ಚಿ, ಗೋಡೆ, ಪಟ್ಟಿ, ಕಂಬಳಿ ಹಿಡಿದು ಮಾಡಿ ಅಂದರು. ಇವು ಯಾರ ಮನೆಯಲ್ಲಿಲ್ಲ ಹೇಳಿ?

ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಹದಿನೈದು ನಿಮಿಷ ಸಾಕು. ತಾಡಾಸನ, ಗೋಡೆಗೆ ಕೈ ಊರಿ ಬೆನ್ನು ಚಾಚೋದು, ಭುಜಂಗಾಸನ, ಕೊನೆಗೆ ಶವಾಸನ. ಬಸ್ಸಿನಲ್ಲಿದ್ದೀರಾ? ಬೆನ್ನು ನೆಟ್ಟಗೆ ಮಾಡಿ, ಪಾದದ ಗಿಣ್ಣು ತಿರುಗಿಸಿ, ಹಿಮ್ಮಡಿ ಎತ್ತಿ ಇಳಿಸಿ, ನಿಧಾನವಾಗಿ ಉಸಿರು ಬಿಡಿ. ಪಕ್ಕದವರಿಗೂ ಗೊತ್ತಾಗಲ್ಲ. ಬಿ.ಪಿ. ಇರೋರು, ಬಸುರಿಯರು ಮಾತ್ರ ಡಾಕ್ಟರನ್ನ ಕೇಳದೆ ತಲೆಕೆಳಗಾಗೋ ಆಸನಕ್ಕೆ ಕೈ ಹಾಕಬೇಡಿ.

ಈಗ ಸರ್ಕಾರಕ್ಕೆ ಒಂದು ಮಾತು. ಈ ಜಿಲ್ಲೆಯ ಎಷ್ಟೋ ಹಳ್ಳಿಗಳ ಕೊಳವೆಬಾವಿ ನೀರಲ್ಲಿ ಫ್ಲೋರೈಡ್ ಇದೆ. ಅದು ಹಲ್ಲಿಗೆ ಕಲೆ ಕಟ್ಟುತ್ತೆ, ವರ್ಷಗಟ್ಟಲೆ ಕುಡಿದರೆ ಮೂಳೆ, ಕೀಲುಗಳನ್ನೇ ಬಿಗಿ ಮಾಡುತ್ತೆ. ಅಂಥವರಿಗೆ ಚಾಪೆ ಹಾಸಿಕೊಟ್ಟು ಕೈ ತೊಳೆದುಕೊಂಡರೆ ಆಗುತ್ತಾ? ಯಾವ ಆಸನವೂ ಫ್ಲೋರೈಡನ್ನ ಹೊರಗೆ ಹಾಕಲ್ಲ ಸ್ವಾಮಿ. ನೂಲು ತೆಗೆಯೋ ಶೆಡ್ಡಿಗೆ ಗಾಳಿ ಬರೋ ಕಿಟಕಿಯೇ ಇಲ್ಲದಿದ್ದರೆ ಅಲ್ಲಿ ಪ್ರಾಣಾಯಾಮಕ್ಕೆ ಏನು ಅರ್ಥ?

ಚಾಪೆ ಹಾಸಿಕೊಳ್ಳೋದು ನಮ್ಮ ಕೆಲಸ. ಶುದ್ಧ ನೀರು, ಉಸಿರಾಡೋಕೆ ಯೋಗ್ಯವಾದ ಗಾಳಿ ಕೊಡೋದು ನಿಮ್ಮ ಕೆಲಸ. ನಾಳೆ ಬೆಳಗ್ಗೆ ನಾವು ನಮ್ಮ ಪಾಲಿನದ್ದು ಶುರು ಮಾಡೋಣ. ಅವರ ಪಾಲಿನದ್ದನ್ನ ಜೂನ್ 21ರವರೆಗೆ ಕಾಯದೆ, ದಿನಾ ಕೇಳೋಣ.