ಕಾಯಿಲೆ ಬೀಳದ ಮಕ್ಕಳನ್ನು ಗಮನಿಸಿದ ವೈದ್ಯರು
(ಡೊಂಬಿವಲಿಯಲ್ಲಿ ನಡೆದ ವೈದ್ಯಕೀಯ ನೆರವು ನಿಧಿಯ ಸಭೆಯಲ್ಲಿ ಮಾಡಿದ ಭಾಷಣ)

ನೀವು ಕೊಡುವ ಹಣ ಆಸ್ಪತ್ರೆಯ ಬಿಲ್ಲಿಗೆ ನೆರವಾಗುತ್ತದೆ. ಆ ಬಿಲ್ಲೇ ಬಾರದಿರಲಿ ಎಂದು ದುಡಿದ ಮಕ್ಕಳ ವೈದ್ಯರೊಬ್ಬರನ್ನು ಇಂದು ನೆನೆಯುತ್ತೇನೆ. ಅವರು ಡಾ. ಮಹಾರಾಜ್ ಕಿಶನ್ ಭಾನ್.

1947ರಲ್ಲಿ ಹುಟ್ಟಿದ ಭಾನ್ ಪುಣೆಯ ಸೇನಾ ವೈದ್ಯಕೀಯ ಕಾಲೇಜಿನಲ್ಲಿ ಓದಿದರು. ದೆಹಲಿಯ ಏಮ್ಸ್‌ನಲ್ಲಿ ಮಕ್ಕಳ ಭೇದಿಯನ್ನೇ ತಮ್ಮ ಸಂಶೋಧನೆಯ ವಿಷಯ ಮಾಡಿಕೊಂಡರು. ಎಳೆಯರ ತೀವ್ರ ಭೇದಿಗೆ ದೊಡ್ಡ ಕಾರಣ ರೋಟಾವೈರಸ್. 1980ರ ದಶಕದ ಮಧ್ಯದಲ್ಲಿ ಏಮ್ಸ್‌ನ ನವಜಾತ ಶಿಶುಗಳಲ್ಲಿ ಈ ವೈರಸ್ ಕಂಡಿತು. ಆಶ್ಚರ್ಯವೆಂದರೆ ಆ ಶಿಶುಗಳಿಗೆ ಭೇದಿಯೇ ಇರಲಿಲ್ಲ! ಕಾಯಿಲೆ ಇಲ್ಲವೆಂದು ಭಾನ್ ಸುಮ್ಮನಾಗಲಿಲ್ಲ. ಅಂಥ ಮಕ್ಕಳಿಗೆ ಮುಂದೆಯೂ ತೀವ್ರ ರೋಟಾ ಭೇದಿಯಿಂದ ರಕ್ಷಣೆ ಇರುವುದನ್ನು ಅವರ ತಂಡ ಗುರುತಿಸಿತು. ಆ ವೈರಸ್ ತಳಿಯ ಹೆಸರು 116ಇ.

ನಮ್ಮ ಬೆಂಗಳೂರಿನಲ್ಲೂ ಭಾರತೀಯ ವಿಜ್ಞಾನ ಸಂಸ್ಥೆಯ ಡಾ. ಸಿ. ದುರ್ಗಾ ರಾವ್ ಮತ್ತು ಸಂಗಡಿಗರಿಗೆ ನವಜಾತ ಶಿಶುಗಳಲ್ಲಿ ಐ321 ಎಂಬ ಇಂಥದೇ ತಳಿ ಸಿಕ್ಕಿತ್ತು. ಎರಡನ್ನೂ ಲಸಿಕೆಗಾಗಿ ಪರೀಕ್ಷಿಸಿದರು. ಬೆಂಗಳೂರಿನದು ಹಿಂದುಳಿಯಿತು, ದೆಹಲಿಯದು ಮುಂದೆ ಸಾಗಿತು. ಸೀಸೆಯ ಮೇಲೆ ಹೆಸರು ಬರಲಿಲ್ಲವೆಂದು ಆ ದುಡಿಮೆ ವ್ಯರ್ಥವಲ್ಲ. ಎರಡು ದಾರಿ ಹುಡುಕಿದಾಗಲೇ ಸರಿಯಾದ ಒಂದು ಸಿಗುವುದು.

ದೆಹಲಿ, ಪುಣೆ, ವೆಲ್ಲೂರಿನಲ್ಲಿ 6,799 ಶಿಶುಗಳ ಮೇಲೆ ಪ್ರಯೋಗ ನಡೆಯಿತು. ಮೊದಲ ವರ್ಷದಲ್ಲಿ ತೀವ್ರ ರೋಟಾ ಭೇದಿ ಅರ್ಧಕ್ಕಿಂತ ಹೆಚ್ಚು ತಗ್ಗಿತು. ಹೈದರಾಬಾದಿನ ಭಾರತ್ ಬಯೋಟೆಕ್ ತಯಾರಿಸಿದ ರೋಟಾವ್ಯಾಕ್ 2015ರ ಮಾರ್ಚ್‌ನಲ್ಲಿ ಬಿಡುಗಡೆಯಾಯಿತು. ಶಿಶುವಿನ ಮಲದಲ್ಲಿ ಕಂಡ ವೈರಸ್ಸು ಲಸಿಕೆಯಾಗಲು ಸುಮಾರು 30 ವರ್ಷ ಹಿಡಿಯಿತು. 2019ರ ಹೊತ್ತಿಗೆ ರೋಟಾ ಲಸಿಕೆ ಎಲ್ಲ ರಾಜ್ಯಗಳ ಉಚಿತ ಲಸಿಕಾ ಕಾರ್ಯಕ್ರಮಕ್ಕೆ ಸೇರಿತು. 2020ರ ಜನವರಿ 26ರಂದು ಭಾನ್ ತೀರಿಕೊಂಡರು.

ಇನ್ನು ನಮ್ಮ ಕೆಲಸ. ರೋಟಾ ಲಸಿಕೆಯನ್ನು 6, 10, 14ನೇ ವಾರಗಳಲ್ಲಿ ಬಾಯಿಗೆ ಹಾಕುತ್ತಾರೆ. ನಮ್ಮ ಹೆಣ್ಣುಮಕ್ಕಳು ಹೆರಿಗೆಗೆ ಊರಿಗೆ ಹೋಗುತ್ತಾರೆ. ಮೊದಲ ಡೋಸ್ ಅಲ್ಲಿ ಆಗುತ್ತದೆ, ಬಾಣಂತನ ಮುಗಿಸಿ ಇಲ್ಲಿಗೆ ಬರುವಷ್ಟರಲ್ಲಿ ಮುಂದಿನದು ಮರೆತುಹೋಗುತ್ತದೆ. ಊರಿನ ಕಾರ್ಡನ್ನು ಜೋಪಾನವಾಗಿ ತನ್ನಿ, ಇಲ್ಲಿನ ಸರಕಾರಿ ಕೇಂದ್ರದಲ್ಲಿ ತೋರಿಸಿ, ಉಳಿದ ಡೋಸ್ ಹಾಕಿಸಿ. ಹೋಟೆಲು, ಕಟ್ಟಡ ಕೆಲಸದಲ್ಲಿರುವ ನಮ್ಮವರ ಮನೆಗೂ ಈ ಮಾತು ಮುಟ್ಟಿಸಿ. ಭೇದಿ ಶುರುವಾದರೆ ಓಆರ್‌ಎಸ್ ಕುಡಿಸುತ್ತಾ ವೈದ್ಯರಲ್ಲಿಗೆ ಕರೆದೊಯ್ಯಿರಿ.

ಲಸಿಕೆ ಎಲ್ಲ ಕಾಯಿಲೆಯನ್ನೂ ತಡೆಯುವುದಿಲ್ಲ. ನ್ಯುಮೋನಿಯಾ, ಡೆಂಗಿ ಬಂದು ಮಗು ಐಸಿಯು ಸೇರಿದ ದಿನ ದಿನಗೂಲಿಯ ತಂದೆ ಮುಂಗಡ ಹಣಕ್ಕೆ ಎಲ್ಲಿಗೆ ಹೋಗಬೇಕು? ಆ ಹೊತ್ತಿಗಾಗಿಯೇ ಈ ನಿಧಿ ಇದೆ. ನಿಮ್ಮ ಕೈಲಾದಷ್ಟು ಕೊಡಿ. ಜೊತೆಗೆ ಒಂದು ಮಗುವಿನ ಲಸಿಕೆಯ ತಾರೀಕನ್ನೂ ನೆನಪಿಸಿ.