ಮುಟ್ಟಾದವರೂ ಪರಮಪ್ರಸಾದಕ್ಕೆ ಬನ್ನಿ

ಭೀಮಸಮುದ್ರದ ಸಂಘದ ಪ್ರೀತಿಯ ಸಹೋದರಿಯರೇ,

ಬಲಿಪೂಜೆಯಲ್ಲಿ ಪರಮಪ್ರಸಾದ ಕೊಡುವಾಗ ಕೆಲವರು ಕೂತಲ್ಲೇ ಕೂತಿರ್ತಾರೆ. ಯಾಕಮ್ಮ ಅಂದ್ರೆ, "ಮುಟ್ಟಾಗಿದೀನಿ ಸಿಸ್ಟರ್" ಅಂತಾರೆ. ನಮ್ಮ ಜಿಲ್ಲೆಯ ಕೆಲವು ಹಟ್ಟಿಗಳಲ್ಲಿ ಮುಟ್ಟಾದವರನ್ನು ಊರಾಚೆ ಇರಿಸಿದ್ದನ್ನು ಕಂಡವರು ಹೆದರುವುದು ಸಹಜ. ಆದರೆ ಧರ್ಮಸಭೆಯಲ್ಲಿ ಅಂಥ ನಿಯಮವಿಲ್ಲ. ಸುಮಾರು 601ರಲ್ಲೇ ಪೋಪ್ ಗ್ರೆಗೊರಿಯವರು, ಆ ದಿನಗಳಲ್ಲಿ ಹೆಣ್ಣುಮಕ್ಕಳಿಗೆ ಪ್ರಸಾದ ತಡೆಯಬಾರದು ಎಂದು ಬರೆದರು. ಹನ್ನೆರಡು ವರ್ಷ ರಕ್ತಸ್ರಾವದಿಂದ ನರಳಿದವಳು ಯೇಸುಸ್ವಾಮಿಯ ಉಡುಪು ಮುಟ್ಟಿದಳು. ಅವರು ಗದರಲಿಲ್ಲ, 'ಮಗಳೇ' ಎಂದರು.

ಬೇಕಾದ್ದು ಇಷ್ಟೇ: ಗಂಭೀರ ಪಾಪವಿದ್ದರೆ ಪಾಪನಿವೇದನೆ, ಒಂದು ಗಂಟೆ ಉಪವಾಸ. ನೀರು, ಮಾತ್ರೆಗೆ ಅಡ್ಡಿಯಿಲ್ಲ.

ಆ ದಿನಗಳಲ್ಲೂ ಅಡಿಕೆ ಸುಲೀತೀವಿ, ಸಂಘದ ಲೆಕ್ಕ ಬರೀತೀವಿ. ಆ ಕೈಗಳು ದೇವರಿಗೆ ಮೈಲಿಗೆಯೇ? ಈ ಹೆದರಿಕೆಯನ್ನು ನಿಮ್ಮ ಹೆಣ್ಣುಮಕ್ಕಳಿಗೆ ದಾಟಿಸಬೇಡಿ.